ಜೋಕಾಲಿ ಬಳಗದ ಬಲೆ

ನಾನು ಒಂದು ಬಲೆ. ಮೀನು ಹಿಡಿಯುವ ಬಲೆಯಲ್ಲ. ಸರ್ಕಸ್ಸಿನಲ್ಲಿ ಎತ್ತರದ ಜೋಕಾಲಿಯಿಂದ ಜೋಕಾಲಿಗೆ ಹಾರುವವರ ಕೆಳಗೆ ಕಟ್ಟುತ್ತಾರಲ್ಲ, ಆ ಬಲೆ.

ಆದರೆ ನನ್ನನ್ನು ಹೆಣೆದ ಕೈಗಳು ಮೀನಿನ ಬಲೆ ಹೆಣೆಯುವ ಕೈಗಳೇ. ಹೊನ್ನಾವರದ ಹತ್ತಿರ, ಶರಾವತಿ ಕಡಲಿಗೆ ಸೇರುವಲ್ಲಿ, ಖಾರ್ವಿ ಕೇರಿಯ ಒಂದು ಜಗಲಿಯ ಮೇಲೆ ನಾನು ಹುಟ್ಟಿದೆ. ಸೋಮ ಖಾರ್ವಿ ಎಂಬಾತ ಗೋಡೆಗೆ ಬೆನ್ನು ಕೊಟ್ಟು, ಕಾಲಿನ ಹೆಬ್ಬೆರಳಿಗೆ ಹಗ್ಗ ಸಿಕ್ಕಿಸಿಕೊಂಡು, ಬಿದಿರಿನ ಅಗಲ ಸೂಜಿಯಿಂದ ಒಂದೊಂದೇ ಕಣ್ಣು ಹೆಣೆಯುತ್ತಿದ್ದ. ಬಿಳಿ ನೈಲಾನ್ ಹಗ್ಗ ಅವನ ಬೆರಳ ಸಂದಿಯಲ್ಲಿ ಗಂಟಾಗಿ ಹೊರಬರುತ್ತಿತ್ತು. ಅವನ ಹೆಂಡತಿ ಪದ್ಮಾವತಿ ಮೀನು ಮಾರಿ ಬಂದು ಬುಟ್ಟಿ ಇಳಿಸಿದವಳು ನನ್ನನ್ನು ಎತ್ತಿ ನೋಡಿ ನಕ್ಕಳು.

"ಎಂತ ಬಲೆ ಇದು? ಇಷ್ಟು ದೊಡ್ಡ ಕಣ್ಣು! ಬಂಗಡೆ ಮಾತು ಬಿಡಿ, ಎಷ್ಟು ದೊಡ್ಡ ಮೀನಾದ್ರೂ ಹಾಯ್ದು ಹೋಗ್ತದೆ."

"ಇದಕ್ಕೆ ಬೀಳೋದು ಮನುಷ್ಯರಂತೆ ಮಾರಾಯ್ತಿ. ಸರ್ಕಸ್ಸಿನವರದ್ದು."

ಪದ್ಮಾವತಿಯ ನಗು ನಿಂತಿತು. ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಆಗಲೇ ಹಾಕಿದ್ದ ಗಂಟುಗಳನ್ನು ಉಗುರಿನಿಂದ ಒತ್ತಿ ನೋಡಿದಳು. "ಹಾಗಾದ್ರೆ ಇನ್ನೊಂದು ಸುತ್ತು ಹಾಕಿ ಬಿಗೀರಿ" ಎಂದಳು. ಅಂದಿನಿಂದ ನನ್ನ ಪ್ರತಿ ಗಂಟಿಗೂ ಒಂದು ಸುತ್ತು ಹೆಚ್ಚು. ಕೆಲಸ ಮುಗಿಯುವುದು ತಡವಾಯಿತು. ಸರ್ಕಸ್ಸಿನ ಮನುಷ್ಯ ಬಂದು ಗೊಣಗಿದ. ಸೋಮ ಹೆಂಡತಿಯ ಕಡೆ ನೋಡಿದ ಅಷ್ಟೆ.

ಹಾಗೆ ನಾನು ರತ್ನಮಾಲಾ ಸರ್ಕಸ್ಸಿಗೆ ಬಂದೆ. ಲಾರಿ, ಡೇರೆ, ಗೂಟ, ಊರಿಂದೂರಿಗೆ ತಿರುಗಾಟ. ಬ್ಯಾಂಡು ಬಾರಿಸಿದಾಗ ನನ್ನ ಎಳೆಗಳೆಲ್ಲ ನಡುಗುತ್ತಿದ್ದವು. ಹಾರುವವರು ಐದಾರು ಮಂದಿ ಇದ್ದರು. ನಾನು ಕೆಳಗಿರುವವಳು, ನನಗೆ ಕಾಣುವುದು ಅಂಗಾಲು. ಮುಖಕ್ಕಿಂತ ಅಂಗಾಲು ನೋಡಿಯೇ ನಾನು ಜನರನ್ನು ಗುರುತಿಸಲು ಕಲಿತೆ. ಭಯವಾದವರ ಕಾಲ್ಬೆರಳು ಒಳಕ್ಕೆ ಮಡಚಿಕೊಂಡಿರುತ್ತವೆ. ಸುಗಂಧಾಳ ಬೆರಳುಗಳು ಮಾತ್ರ ಯಾವಾಗಲೂ ಬಿಚ್ಚಿಕೊಂಡಿರುತ್ತಿದ್ದವು, ಈಗತಾನೇ ಹೊಳೆಯಲ್ಲಿ ಕಾಲು ಅದ್ದಿದವಳ ಹಾಗೆ.

ಸುಗಂಧಾ ಕಾಂಬಳೆ ನಿಪ್ಪಾಣಿ ಕಡೆಯವಳು. ತಾಯಿಯ ಜೊತೆ ಬೀಡಿ ಕಟ್ಟುತ್ತಿದ್ದವಳು ಊರಿಗೆ ಬಂದ ಸರ್ಕಸ್ಸನ್ನು ದಿನಾ ನೋಡಿ, ಕೊನೆಗೆ ಅದರ ಹಿಂದೆಯೇ ಹೊರಟು ಬಂದಿದ್ದಳು. ಅವಳನ್ನು ಆ ಕಡೆಯಿಂದ ಹಿಡಿಯುತ್ತಿದ್ದವನು ಬಾಲನ್, ತಲಶ್ಶೇರಿಯವನು. ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ತೂಗುತ್ತಾ, ಹಾರಿ ಬಂದವರ ಮಣಿಕಟ್ಟು ಹಿಡಿಯುವುದು ಅವನ ಕೆಲಸ. ಮಾತು ಕಡಿಮೆ. ಆಟಕ್ಕೆ ಮೊದಲು ನನ್ನ ಅಂಚಿನ ಹಗ್ಗವನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದ.

ಆಟದ ಕೊನೆಗೆ ಸುಗಂಧಾ ಬೇಕೆಂದೇ ನನ್ನ ಮೇಲೆ ಬೀಳುತ್ತಿದ್ದಳು. ಬೀಳುವುದೂ ಒಂದು ವಿದ್ಯೆ. ಕಾಲೂರಿ ಬಿದ್ದರೆ ಪಾದ ನನ್ನ ಕಣ್ಣಿಗೆ ಸಿಕ್ಕಿ ಮುರಿಯುತ್ತದೆ. ಹೊಟ್ಟೆಯ ಮೇಲೆ ಬಿದ್ದರೆ ಕುತ್ತಿಗೆಗೆ ಅಪಾಯ. ಗದ್ದವನ್ನು ಎದೆಗೆ ಒತ್ತಿ, ಬೆನ್ನ ಮೇಲೆ, ಮೈಚೆಲ್ಲಿ ಬೀಳಬೇಕು. ಅವಳು ಬೀಳುತ್ತಿದ್ದ ರೀತಿ, ಹೊಲಕ್ಕೆ ಹೋಗಿ ದಣಿದು ಬಂದವರು ಹಾಸಿಗೆಗೆ ಬೀಳುವ ಹಾಗಿತ್ತು.

ವರ್ಷಗಳು ಉರುಳಿದವು. ಆನೆ ಹೋಯಿತು, ಹುಲಿ ಹೋಯಿತು. ಕಾನೂನು ಬಂತು, ಅದು ಒಳ್ಳೆಯದೇ ಆಯಿತು. ಆ ಹುಲಿಯ ಉಸಿರಾಟ ಕೇಳಿದವರಿಗೆ ಗೊತ್ತು. ಆದರೆ ಜನವೂ ಹೋದರು. ಖಾಲಿ ಕುರ್ಚಿಗಳ ಮುಂದೆ ಸುಗಂಧಾ ಹಾರುತ್ತಿದ್ದಳು. ಡೇರೆಯ ತೂತಿನಿಂದ ಬಿದ್ದ ಬಿಸಿಲು ಚುಕ್ಕೆಚುಕ್ಕೆಯಾಗಿ ನನ್ನ ಮೇಲೆ ಬೀಳುತ್ತಿತ್ತು.

ಕೊನೆಯ ಬಾರಿ ರತ್ನಮಾಲಾದ ಡೇರೆ ಎದ್ದದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿಯ ಊರು. ಗಾಳಿ ಬೀಸಿದರೆ ಸಾಕು, ಇಡೀ ಸರ್ಕಸ್ಸು ಸೀನುತ್ತಿತ್ತು. ಬಂದ ವಾರದಲ್ಲೇ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಕೊರೋನಾ. ಬಸ್ಸಿಲ್ಲ, ರೈಲಿಲ್ಲ, ಆಟವಿಲ್ಲ. ಮೈದಾನದ ನಡುವೆ ನಾವೆಲ್ಲ ಸಿಕ್ಕಿಬಿದ್ದೆವು.

ಮೈದಾನದ ಪಕ್ಕಕ್ಕೆ ಒಂದು ಓಣಿ. ಅಲ್ಲಿನ ಹೆಂಗಸರೆಲ್ಲ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುವವರು. ತೊಟ್ಟಿಗೆ ಆ ಕಡೆ ತುಂಬು ಎನ್ನುತ್ತಾರೆ. ಅವರಿಗೂ ಆಗ ಕೆಲಸವಿಲ್ಲ. ಆದರೂ ಒಂದು ಬೆಳಿಗ್ಗೆ ಓಣಿಯ ಹೆಂಗಸರು ಬುಟ್ಟಿ ಹೊತ್ತು ಡೇರೆಯ ಬಾಗಿಲಿಗೆ ಬಂದರು. ಬುಟ್ಟಿಯ ತುಂಬ ಜೋಳದ ರೊಟ್ಟಿ, ಕೆಂಪು ಚಟ್ನಿ. ಮುಂದೆ ನಿಂತವಳು ತೆಳ್ಳನೆಯ ಹೆಂಗಸು, ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದಳು. ಹೆಸರು ಫಕ್ಕೀರವ್ವ.

"ನಾವೂ ಇಲ್ಲದಾವ್ರ ಅದೀವ್ರಿ. ಆದ್ರ ಊರಿಗೆ ಬಂದಾವ್ರು ಹಸಕೊಂಡು ಕುಂತ್ರ ನಮಗ ತುತ್ತು ಇಳಿಯಂಗಿಲ್ಲ. ತಿನ್ರಿ" ಎಂದಳು.

ಚಟ್ನಿಯ ಖಾರಕ್ಕೆ ಬಾಲನ್ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಎಂದು ಅವನು ಹೇಳಿದ.

ಬಾಗಿಲು ತೆರೆಯುವ ಹೊತ್ತಿಗೆ ಸರ್ಕಸ್ಸು ಮುಗಿದಿತ್ತು. ಮಾಲೀಕ ಡೇರೆ ಮಾರಿದ, ಲಾರಿ ಮಾರಿದ. ಯಾರ್ಯಾರಿಗೆ ಏನು ಬೇಕೋ ಒಯ್ಯಿರಿ ಎಂದ. ಸುಗಂಧಾ ಜೋಕಾಲಿಯ ಸಾಮಾನನ್ನೂ ನನ್ನನ್ನೂ ಕೇಳಿದಳು. ಮಾಲೀಕನಿಗೆ ಆಶ್ಚರ್ಯ.

"ಡೇರೇನ ಹೋದಮ್ಯಾಲೆ ಬಲೆ ತಗೊಂಡು ಏನ್ಮಾಡ್ತೀಯವ್ವಾ?"

"ಡೇರೆ ಇಲ್ಲಂದ್ರ ಆಕಾಶ ಐತ್ರಿ ಮಾಲಕ. ಬಲೆ ಇಲ್ಲಂದ್ರ ಬರೀ ನೆಲ."

ಅವಳೂ ಬಾಲನ್‌ನೂ ಅಲ್ಲೇ ಉಳಿದರು. ಉಣ್ಣಿಸಿದ ಓಣಿಗೆ ಏನಾದರೂ ಕೊಡಬೇಕೆನ್ನುವುದು ಸುಗಂಧಾಳ ಹಟ. ಕೊಡಲು ಅವಳ ಬಳಿ ಇದ್ದದ್ದು ಮೈಯೊಳಗಿನ ವಿದ್ಯೆ ಮಾತ್ರ. ಶಾಲೆಗಳು ಇನ್ನೂ ಮುಚ್ಚಿದ್ದವು. ಓಣಿಯ ಮಕ್ಕಳು ಬೀದಿಯಲ್ಲೇ ಇದ್ದರು. ಖಾಲಿ ಬಿದ್ದ ಮೆಣಸಿನಕಾಯಿ ಗೋದಾಮಿನ ಅಂಗಳದಲ್ಲಿ ಅವಳು ಅವರಿಗೆ ಲಾಗ ಹಾಕಲು ಕಲಿಸಿದಳು. ಬಾಲನ್ ಮೂರು ನಿಂಬೆಹಣ್ಣು ಗಾಳಿಯಲ್ಲಿ ಆಡಿಸುವುದನ್ನು ಕಲಿಸಿದ. ನಿಂಬೆ ತೀರಿದಾಗ ಈರುಳ್ಳಿ. ಚಿತ್ರಕಲೆ ಕಲಿಸುವ ಅನ್ವರ್ ಮಾಸ್ತರರು ಒಂದು ದಿನ ಸೈಕಲ್ಲು ನಿಲ್ಲಿಸಿ ನೋಡಿದರು, ಮರುದಿನ ಬಣ್ಣದ ಡಬ್ಬಿ ತಂದರು. ಒಬ್ಬರು ಡೊಳ್ಳು ತಂದರು. ಹಾಗೆ ಒಂದು ಬಳಗವಾಯಿತು. ಮಕ್ಕಳೇ ಹೆಸರಿಟ್ಟರು: ಜೋಕಾಲಿ ಬಳಗ.

ಇದು ಹಳೆಯ ಸರ್ಕಸ್ಸಿನ ಹಾಗಿರಲಿಲ್ಲ. ಪ್ರಾಣಿಗಳಿಲ್ಲ, ಮಿಂಚುವ ಬಟ್ಟೆಯಿಲ್ಲ. ಅನ್ವರ್ ಮಾಸ್ತರರು ಓಣಿಯವರ ಬದುಕನ್ನೇ ಕತೆಯಾಗಿ ಕಟ್ಟುತ್ತಿದ್ದರು. ಬಳಗದವರು ಅದನ್ನು ಲಾಗದಲ್ಲಿ, ಹಗ್ಗದ ಮೇಲೆ, ಜೋಕಾಲಿಯಲ್ಲಿ ಹೇಳುತ್ತಿದ್ದರು. ಹಾವೇರಿ, ಗದಗ, ಹುಬ್ಬಳ್ಳಿ, ದಾವಣಗೆರೆ ಸುತ್ತಿ ಆಟವಾಡಿ ಬಂದ ಹಣದಲ್ಲಿ ಗೋದಾಮಿನ ಅಂಗಳದ ಶಾಲೆ ನಡೆಯುತ್ತಿತ್ತು. ಕುಣಿತ, ಚಿತ್ರ, ಡೊಳ್ಳು, ಲಾಗ. ಯಾರು ಬಂದರೂ ಕಲಿಯಬಹುದಿತ್ತು. ನನ್ನನ್ನು ಅಂಗಳದಲ್ಲಿ ಕಂಬಗಳಿಗೆ ಕಟ್ಟಿದರು. ಚಿಕ್ಕವರು ನನ್ನ ಮೇಲೆ ಉರುಳಲು, ಬೀಳಲು ಕಲಿತರು. ದೊಡ್ಡ ಜೋಕಾಲಿ ಮಾತ್ರ ದೊಡ್ಡವರಿಗೆ. ಹದಿನೆಂಟು ತುಂಬದೆ ಯಾರನ್ನೂ ಆಟದಲ್ಲಿ ಹಾರಿಸುವುದಿಲ್ಲ ಎಂದು ಸುಗಂಧಾ ಮೊದಲೇ ಹೇಳಿಬಿಟ್ಟಿದ್ದಳು.

ಫಕ್ಕೀರವ್ವನ ಮಗಳು ನಿಂಗವ್ವ ಮೊದಲ ದಿನದಿಂದಲೇ ಬರುತ್ತಿದ್ದಳು. ಸಪೂರ ಹುಡುಗಿ, ಬಾಯಿ ಜೋರು. ಅವಳ ಅಂಗಾಲು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಬೆರಳುಗಳು ಬಿಚ್ಚಿಕೊಂಡಿದ್ದವು.

ಆದರೆ ತಾಯಿಗೆ ಗೊತ್ತಿರಲಿಲ್ಲ. ಮಗಳು ಡೊಳ್ಳು ಕಲಿಯುತ್ತಿದ್ದಾಳೆ ಎಂದುಕೊಂಡಿದ್ದಳು. ಒಂದು ಮಧ್ಯಾಹ್ನ ಕೆಲಸ ಬೇಗ ಮುಗಿದು ಫಕ್ಕೀರವ್ವ ಅಂಗಳದ ಬಾಗಿಲಿಗೆ ಬಂದಾಗ ನಿಂಗವ್ವ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏಣಿಯ ನಡುವಿನ ಹಲಗೆಯ ಮೇಲಿದ್ದಳು. ತಾಯಿ ಕಿರುಚಿದ ಕಿರುಚಿಗೆ ಡೊಳ್ಳು ನಿಂತಿತು.

"ಇಳೀಲೇ! ಈಗಿಂದೀಗ ಇಳೀ!"

ನಿಂಗವ್ವ ಇಳಿದಳು. ಫಕ್ಕೀರವ್ವ ಅವಳ ರಟ್ಟೆ ಹಿಡಿದು, ಸುಗಂಧಾಳ ಕಡೆ ತಿರುಗಿದಳು.

"ಅಕ್ಕಾರ, ನಿಮಗ ನಾ ಅನ್ನಾ ಹಾಕೇನಿ. ನೀವು ನನ್ನ ಮಗಳನ್ನ ಮುಗಲಿಗೆ ಏರಸ್ತೀರಿ. ಇಕಿ ಅಪ್ಪ ಹುಬ್ಬಳ್ಯಾಗ ಕಟ್ಟಡಕ್ಕ ಸುಣ್ಣಾ ಹಚ್ಚೂಮುಂದ ಸಾರವೆ ಮ್ಯಾಲಿಂದ ಬಿದ್ದ. ಕೆಳಗ ಸಿಮೆಂಟ ಇತ್ತು. ನಾ ಹೋಗೂದ್ರಾಗ ನೀರ ಹಾಕಿ ತೊಳದಿದ್ರು."

ಸುಗಂಧಾ ನಿಂಗವ್ವನ ಸೊಂಟದ ಹಗ್ಗ ಬಿಚ್ಚಿದಳು. ತಾಯಿ ಮಗಳು ಹೊರಟು ಹೋದರು.

ಆಮೇಲೆ ನಿಂಗವ್ವ ಬರಲಿಲ್ಲ. ಇನ್ನೂ ಕೆಲವು ತಾಯಂದಿರು ಮಕ್ಕಳನ್ನು ಬಿಡಿಸಿದರು. ನನ್ನ ಮೇಲೆ ಬೇವಿನ ಎಲೆ ಉದುರಿ ಕೂತಿತು. ಸುಗಂಧಾ ದಿನಾ ಅದನ್ನು ಆರಿಸಿ ತೆಗೆಯುತ್ತಿದ್ದಳು.

ಎಷ್ಟೋ ದಿನಗಳಾದ ಮೇಲೆ, ಮಾರುಕಟ್ಟೆಗೆ ರಜೆಯಿದ್ದ ಒಂದು ಮಧ್ಯಾಹ್ನ, ಫಕ್ಕೀರವ್ವ ಒಬ್ಬಳೇ ಬಂದಳು. ಅಂಗಳದಲ್ಲಿ ಸುಗಂಧಾ ಮಾತ್ರ ಇದ್ದಳು. ಇಬ್ಬರೂ ನನ್ನ ಪಕ್ಕದಲ್ಲಿ ಕೂತರು.

"ಮನ್ಯಾಗ ಮಾತಾಡವಲ್ಲಳ್ರಿ" ಎಂದಳು ಫಕ್ಕೀರವ್ವ. "ಉಣ್ಣಾಕ ಕುಂತ್ರ ಉಣತಾಳ. ಕರದ್ರ ಬರತಾಳ. ಮಾತಿಲ್ಲ. ಮೊದಲ ಅಕಿ ಬಾಯಿ ಮುಚ್ಚಸಾಕ ಆಗತಿದ್ದಿಲ್ಲ ನನಗ."

ಸುಗಂಧಾ ನನ್ನ ಅಂಚನ್ನು ತಟ್ಟಿದಳು. "ಬಾ. ಇದರ ಮ್ಯಾಲ ಮಲಗಿ ನೋಡು."

"ನಾನಾ?"

"ಮಗಳು ಎಲ್ಲಿ ಬೀಳತಾಳ ಅಂತ ನಿನಗ ಗೊತ್ತಿರಬೇಕಲ್ಲ."

ಫಕ್ಕೀರವ್ವ ಸೀರೆಯನ್ನು ಕಚ್ಚೆ ಹಾಕಿ ಏರಿದಳು. ನಡೆಯಲು ಬರಲಿಲ್ಲ, ಅಂಬೆಗಾಲಲ್ಲಿ ನಡುವಿಗೆ ಬಂದು ಅಂಗಾತ ಮಲಗಿದಳು. ಮೊದಲು ಕಲ್ಲಿನ ಹಾಗೆ ಬಿಗಿಯಾಗಿದ್ದಳು. ಆಮೇಲೆ ಮೈ ಸ್ವಲ್ಪ ಸ್ವಲ್ಪವೇ ಸಡಿಲವಾಯಿತು. ಭುಜ ಇಳಿಯಿತು, ಬೆನ್ನು ಇಳಿಯಿತು. ಅವಳು ನನ್ನ ಹಗ್ಗವನ್ನು ಮುಷ್ಟಿಯಲ್ಲಿ ಹಿಡಿದು ಅಳತೊಡಗಿದಳು. ತುಂಬ ಹೊತ್ತು ಅತ್ತಳು. ಬಾಯಿಂದ ಬಂದದ್ದು ಒಂದೇ ಮಾತು.

"ಅವತ್ತ ನೀ ಎಲ್ಲಿದ್ದೀ?"

ಅದು ನನ್ನನ್ನೇ ಕೇಳಿದ್ದು. ನಾನು ಆ ದಿನ ಎಲ್ಲಿದ್ದೆನೋ, ಯಾವ ಊರಲ್ಲಿ ಯಾರ ಕೆಳಗಿದ್ದೆನೋ ನನಗೆ ನೆನಪಿಲ್ಲ. ನೆನಪಿದ್ದರೂ ಉತ್ತರ ಕೊಡಲು ನನಗೆ ಬಾಯಿಲ್ಲ. ಅವಳ ಭಾರವನ್ನು ಹೊತ್ತುಕೊಂಡಿದ್ದೆ, ಅಷ್ಟೆ.

ಎದ್ದವಳು ಇಳಿಯುತ್ತಾಳೆ ಎಂದುಕೊಂಡೆ. ಆದರೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಏಣಿಯ ಕಡೆ ನೋಡಿದಳು.

"ಅಲ್ಲಿಂದ ಬೀಳಬೇಕೇನ್ರಿ ಅಕಿ? ನಾನೂ ಒಮ್ಮೆ ಬಿದ್ದು ನೋಡತೀನಿ."

"ಅಷ್ಟ ಎತ್ತರ ಈಗ ಬ್ಯಾಡ. ಬಲೆ ಮ್ಯಾಲ ಮೂರನೇ ಮೆಟ್ಟಲಾ ಸಾಕು. ಗದ್ದಾ ಎದಿಗೆ ಹಚ್ಚು, ಬೆನ್ನ ಮ್ಯಾಲ ಬೀಳು. ನಾ ಇಲ್ಲೇ ಅದೀನಿ."

ಸುಗಂಧಾ ಅವಳ ಸೊಂಟಕ್ಕೆ ಹಗ್ಗ ಕಟ್ಟಿದಳು. ಫಕ್ಕೀರವ್ವ ಮೂರನೇ ಮೆಟ್ಟಿಲಲ್ಲಿ ನಿಂತಳು. ಒಡೆದ ಹಿಮ್ಮಡಿ, ಒಳಕ್ಕೆ ಮಡಚಿಕೊಂಡ ಬೆರಳು. ನಾನು ಕಂಡ ಅಂಗಾಲುಗಳಲ್ಲೆಲ್ಲ ಅಷ್ಟು ಹೆದರಿದ ಅಂಗಾಲು ಬೇರೆಯಿಲ್ಲ. ಬಿಡುತ್ತಾಳೆ, ಬಿಡುವುದಿಲ್ಲ, ಬಿಡುತ್ತಾಳೆ, ಬಿಡುವುದಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಗಂಡನ ಹೆಸರು ಹಿಡಿದು ಕೂಗಿ ಬಿದ್ದಳು. "ಮಾರುತೀ!"

ಗಂಡನ ಹೆಸರನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲಂತೆ. ಆಮೇಲೆ ಹೇಳಿಕೊಂಡು ನಕ್ಕಳು. ನಾನು ಅವಳನ್ನು ಹಿಡಿದೆ. ಮೇಲಕ್ಕೆ ಒಮ್ಮೆ ಎತ್ತಿದೆ, ಮತ್ತೆ ಹಿಡಿದೆ. ಅವಳ ಬಾಯಿಂದ ಮಗುವಿನಂಥ ಒಂದು ಸದ್ದು ಬಂತು; ಅಳುವೋ ನಗುವೋ ಅವಳಿಗೇ ಗೊತ್ತಾಗಲಿಲ್ಲ.

ಮರುದಿನ ನಿಂಗವ್ವ ಬಂದಳು. ಹಿಂದೆಯೇ ತಾಯಿ ಬಂದಳು. ಮಗಳು ಏಣಿ ಮುಟ್ಟುವ ಮೊದಲು ತಾಯಿ ನನ್ನ ಸುತ್ತ ಬಂದು ಗಂಟು ಗಂಟನ್ನೂ ಹಿಸುಕಿ ನೋಡಿದಳು. ಮೆಣಸಿನಕಾಯಿ ಮುರಿದು ಮುರಿದು ಅವಳ ಬೆರಳುಗಳಿಗೆ ಒಣಗಿದ್ದು ಯಾವುದು, ಹಸಿಯದು ಯಾವುದು ಎಂದು ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಆದರೆ ಆ ಬೆರಳುಗಳ ಖಾರವೆಲ್ಲ ನನಗೆ ಹತ್ತಿತು. ಅಂದು ನನ್ನ ಮೇಲೆ ಉರುಳಿದ ಮಕ್ಕಳೆಲ್ಲ ಕಣ್ಣುಜ್ಜಿಕೊಂಡು ಅತ್ತರು. ಅಂದಿನಿಂದ ಫಕ್ಕೀರವ್ವ ಕೈಗೆ ಎಣ್ಣೆ ಹಚ್ಚಿ, ಕಡಲೆಹಿಟ್ಟಿನಲ್ಲಿ ತೊಳೆದೇ ನನ್ನನ್ನು ಮುಟ್ಟುತ್ತಿದ್ದಳು. ಬಾಲನ್ ಅವಳಿಗೆ ಹಗ್ಗ ಬಿಗಿಯುವುದನ್ನು, ಗೂಟ ಹೊಡೆಯುವುದನ್ನು ಕಲಿಸಿದ. ನಿಧಾನವಾಗಿ ಅವಳು ಬಳಗದವಳೇ ಆದಳು. ಅವಳು ತಲೆಯಾಡಿಸದೆ ಯಾರೂ ಏಣಿ ಹತ್ತುವಂತಿರಲಿಲ್ಲ.

ಬಿಟ್ಟು ಹೋದ ಮಕ್ಕಳೂ ಮರಳಿ ಬಂದರು. ಮೆಣಸಿನಕಾಯಿ ಓಣಿಯ ಹೆಂಗಸರ ಮೇಲೆಯೇ ಒಂದು ಆಟ ಕಟ್ಟಿದರು. ಕೆಂಪು ಬಟ್ಟೆಯ ರಾಶಿ, ಅದರೊಳಗಿಂದ ಒಬ್ಬೊಬ್ಬರೇ ಎದ್ದು ಲಾಗ ಹಾಕಿ ಬರುವುದು, ಎಲ್ಲರೂ ಒಟ್ಟಿಗೆ ಸೀನುವುದು. ಹುಬ್ಬಳ್ಳಿಯಲ್ಲಿ ಜನ ಬಿದ್ದು ಬಿದ್ದು ನಕ್ಕರು, ಕೊನೆಗೆ ಸುಮ್ಮನಾದರು.

ನಿಂಗವ್ವನಿಗೆ ಹದಿನೆಂಟು ತುಂಬಿತು. ಅವಳು ಮೊದಲ ಸಲ ಎಲ್ಲರೆದುರು ಹಾರುವುದು ಬ್ಯಾಡಗಿಯಲ್ಲೇ ಎಂದು ನಿಶ್ಚಯವಾಯಿತು. ಮಾರುಕಟ್ಟೆಯ ಬಯಲಿನಲ್ಲಿ, ಇಳಿಹೊತ್ತಿನ ಆಟ. ಓಣಿಗೆ ಓಣಿಯೇ ಬರುವುದಿತ್ತು. ಶಾಲೆಗೆ ಪಕ್ಕಾ ಕಟ್ಟಡ ಕಟ್ಟಿಸಿಕೊಡಬಹುದಾದ ಕೆಲವರು ಬೆಂಗಳೂರಿನಿಂದಲೂ ಬರುವವರಿದ್ದರು.

ಅಂದು ಬೆಳಿಗ್ಗೆ ಫಕ್ಕೀರವ್ವ ಎಂದಿನಂತೆ ನನ್ನ ಸುತ್ತ ಬಂದಳು. ಮೂಡಣದ ಅಂಚಿನಲ್ಲಿ ಅವಳ ಕೈ ನಿಂತಿತು. ಅಂಚಿನ ದಪ್ಪ ಹಗ್ಗವನ್ನು ಸರಿಸಿ ಒಳಗಿನ ಗಂಟನ್ನು ಹಿಸುಕಿದಳು. ಬೆರಳಿಗೆ ಬಿಳಿ ಪುಡಿ ಹತ್ತಿತು.

ನನಗೆ ಮೊದಲೇ ಗೊತ್ತಿತ್ತು. ಡೇರೆಯ ನೆರಳಲ್ಲಿ ಬೆಳೆದವಳು ನಾನು; ಬಯಲು ಸೀಮೆಯ ಬಿಸಿಲು ವರ್ಷವರ್ಷವೂ ನನ್ನ ಒಳಗನ್ನು ತಿಂದಿತ್ತು. ಮಕ್ಕಳು ಬಿದ್ದಾಗ ಎಲ್ಲೋ ಒಳಗೆ ಸಣ್ಣಗೆ ಚುರುಕ್ ಎನ್ನುತ್ತಿತ್ತು. ಹೇಳಲು ನನಗೆ ದಾರಿಯಿರಲಿಲ್ಲ. ಅವಳ ಬೆರಳು ಅಲ್ಲಿಗೆ ತಲುಪಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

"ಇವತ್ತ ಹಾರೂದು ಇಲ್ರಿ" ಎಂದಳು ಫಕ್ಕೀರವ್ವ.

ಸುಗಂಧಾ ಓಡಿ ಬಂದು ನೋಡಿದಳು. "ಒಂದ ಆಟ ತಡೀತೈತಿ. ನಂಗೊತ್ತೈತಿ ಈ ಬಲೆ. ಮೂವತ್ತ ವರ್ಷ ಇದರ ಮ್ಯಾಲ ಬಿದ್ದೀನಿ."

"ಬಿದ್ದೀರಿ. ಆಗ ಇದು ಹರೇದಾಗಿತ್ತು."

ನಿಂಗವ್ವನ ಕಣ್ಣು ತುಂಬಿ ಬಂತು. "ಯವ್ವಾ, ನನ್ನ ಮೊದಲನೇ ಆಟ. ಊರೆಲ್ಲಾ ಬರತೈತಿ. ಒಂದಾ ಸಲ ಬೇ."

"ಒಂದ ಸಲಾನ ಬಿದ್ದದ್ದು ನಿಮ್ಮಪ್ಪ."

ಬಾಲನ್ ಮಣಿಕಟ್ಟಿಗೆ ಸುತ್ತಿಕೊಂಡಿದ್ದ ಪಟ್ಟಿಯನ್ನು ಬಿಚ್ಚತೊಡಗಿದ. ಅದನ್ನು ನೋಡಿ ಸುಗಂಧಾ ಹಟ ಬಿಡಲಾಗದೆ, ಮಣ್ಣು ತುಂಬಿದ ಚೀಲವನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆಸಿ ಬಿಟ್ಟಳು. ನಾನು ಹಿಡಿಯಲು ನೋಡಿದೆ. ನನ್ನ ಶಕ್ತಿಯೆಲ್ಲ ಹಾಕಿದೆ. ಪಟ್ ಎಂದಿತು. ಒಂದು ಕಣ್ಣು ಹರಿಯಿತು, ಅದರ ಪಕ್ಕದ್ದು ಹರಿಯಿತು, ಚೀಲ ನೆಲಕ್ಕೆ ಬಿದ್ದು ಒಡೆಯಿತು.

ಸುಗಂಧಾ ನೆಲದ ಮೇಲೆ ಕೂತು ನನ್ನ ಹರಿದ ಎಳೆಗಳನ್ನು ಕೈಗೆತ್ತಿಕೊಂಡಳು. ನಿಂಗವ್ವ ತಾಯಿಯ ಬೆನ್ನಿಗೆ ಮುಖ ಒತ್ತಿ ನಿಂತಳು.

ಆಟ ನಿಲ್ಲಲಿಲ್ಲ. ಬಯಲು ತುಂಬಿತ್ತು. ಮೆಣಸಿನಕಾಯಿ ಆಟ ನಡೆಯಿತು, ಲಾಗ, ಡೊಳ್ಳು ಎಲ್ಲ ನಡೆಯಿತು. ಕೊನೆಗೆ ಹಾರುವ ಹೊತ್ತಾದಾಗ ಫಕ್ಕೀರವ್ವ ನಡುವಿಗೆ ಬಂದಳು. ಮೈಕು ಹಿಡಿಯಲು ಬರಲಿಲ್ಲ. ಬಿಟ್ಟು, ಗಂಟಲೆತ್ತಿ ಮಾತಾಡಿದಳು.

"ಇವತ್ತ ನನ್ನ ಮಗಳು ಹಾರೂದಿತ್ರಿ. ಬಲೆ ಹಳೇದ ಆಗೇತಿ. ಹಂಗಾಗಿ ನಾನ ಬ್ಯಾಡ ಅಂದೆ. ಬೈಯೂದಿದ್ರ ನನಗ ಬೈರಿ. ನೀವೂ ಮ್ಯಾಲ ಹತ್ತಿ ದುಡಿಯಾವ್ರು ನಿಮ್ಮನ್ಯಾಗ ಇದ್ರ, ಕೆಳಗ ಏನೈತಿ ಅಂತ ಕೇಳ್ರಿ. ಕೇಳದ ಏರಸಬ್ಯಾಡ್ರಿ."

ಆಗ ನಿಂಗವ್ವ ಯಾರನ್ನೂ ಕೇಳದೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಏಣಿ ಹತ್ತಿದಳು. ತಾಯಿ ಕಣ್ಣಲ್ಲೇ ಹಗ್ಗವನ್ನು ನೋಡಿಕೊಂಡಳು. ಹಲಗೆಯ ಮೇಲೆ ನಿಂತ ನಿಂಗವ್ವ ಜೋಕಾಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಖಾಲಿಯೇ ತೂಗಿ ಬಿಟ್ಟಳು. ಅದು ಸಂಜೆಯ ಕೆಂಪು ಆಕಾಶದಲ್ಲಿ ಆ ತುದಿಗೆ ಹೋಗಿ ಈ ತುದಿಗೆ ಬಂತು. ಡೊಳ್ಳಿನವನು ಮೆಲ್ಲಗೆ ಬಾರಿಸಿದ. ಎಲ್ಲರೂ ಆ ಖಾಲಿ ಜೋಕಾಲಿಯನ್ನೇ ನೋಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಓಣಿಯ ಮುದುಕಿಯೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ತೂಗು ಸಣ್ಣದಾಗುತ್ತಾ, ಸಣ್ಣದಾಗುತ್ತಾ ನಿಂತಿತು. ಆಮೇಲೆ ಬಂದಂಥ ಚಪ್ಪಾಳೆಯನ್ನು ಸುಗಂಧಾಳ ಹರೆಯದಲ್ಲಿ ಕೂಡ ನಾನು ಕೇಳಿರಲಿಲ್ಲ.

ಹೊಸ ಬಲೆ ಬಂತು. ಗಟ್ಟಿಯಾದದ್ದು, ಬಿಸಿಲು ತಡೆಯುವಂಥದ್ದು. ಪಕ್ಕಾ ಕಟ್ಟಡ ಇನ್ನೂ ಬಂದಿಲ್ಲ. ತಗಡಿನ ಸೂರು ಬಂದಿದೆ. ನಿಂಗವ್ವ ಹೊಸ ಬಲೆಯ ಮೇಲೆ ಮೊದಲ ಸಲ ಹಾರಿದ ದಿನ ನಾನು ಅಂಗಳದ ಮೂಲೆಯಲ್ಲಿದ್ದೆ, ಏನೂ ಕಾಣಲಿಲ್ಲ. ಡೊಳ್ಳು ನಿಂತದ್ದು ಕೇಳಿತು. ಮಣಿಕಟ್ಟಿಗೆ ಮಣಿಕಟ್ಟು ಸೇರಿದ ಸದ್ದು ಕೇಳಿತು. ಆ ಬಳಿಕ ಫಕ್ಕೀರವ್ವ ಬಿಟ್ಟ ಉಸಿರು.

ನನ್ನ ಹರಿದ ಭಾಗವನ್ನು ಕತ್ತರಿಸಿ, ಗಟ್ಟಿ ಉಳಿದದ್ದನ್ನು ಬೇವಿನ ನೆರಳಲ್ಲಿ ನೆಲಕ್ಕೆ ಗೇಣು ಎತ್ತರದಲ್ಲಿ ಕಟ್ಟಿದ್ದಾರೆ. ಕೆಳಗೆ ಭತ್ತದ ಹುಲ್ಲು ಹಾಸಿದ್ದಾರೆ. ಇನ್ನೂ ನಡೆಯಲು ಬಾರದ ಕೂಸುಗಳನ್ನು ತಾಯಂದಿರು ಕೆಲಸಕ್ಕೆ ಹೋಗುವಾಗ ನನ್ನ ಮೇಲೆ ಬಿಟ್ಟು ಹೋಗುತ್ತಾರೆ. ಅವು ಏಳುತ್ತವೆ, ಬೀಳುತ್ತವೆ, ನನ್ನ ಹಗ್ಗವನ್ನು ಚೀಪುತ್ತವೆ. ನನಗೆ ಬಿದ್ದವರನ್ನು ಹಿಡಿಯುವುದಲ್ಲದೆ ಬೇರೆ ಕೆಲಸ ಗೊತ್ತಿಲ್ಲ. ಒಂದು ಕಾಲದಲ್ಲಿ ಇಷ್ಟೆತ್ತರದಿಂದ ಬಿದ್ದವರನ್ನು ಹಿಡಿದೆ ಎಂದು ಜಂಬವಿತ್ತು. ಈಗ ಗೇಣೆತ್ತರದಿಂದ ಬೀಳುವವರೂ ಅಷ್ಟೇ ಬೆಚ್ಚುತ್ತಾರೆ, ಹಿಡಿದಾಗ ಅಷ್ಟೇ ನಗುತ್ತಾರೆ.

ಕೂಸುಗಳೆಲ್ಲ ಹೋದ ಮೇಲೆ ಕೆಲವು ಮಧ್ಯಾಹ್ನ ಸುಗಂಧಾ ಬಂದು ನನ್ನ ಮೇಲೆ ಮಲಗುತ್ತಾಳೆ. ಕೂದಲು ನರೆತಿದೆ, ಮೊಣಕಾಲು ನೋಯುತ್ತದೆ. ಹಿಂದೆಲ್ಲ ಆಟ ಮುಗಿದಾಗ ನನ್ನ ಅಂಚು ಹಿಡಿದು ಒಂದು ಲಾಗ ಹಾಕಿ ನೆಲಕ್ಕಿಳಿಯುತ್ತಿದ್ದವಳು, ಈಗ ನಿದ್ದೆ ಮುಗಿದ ಮೇಲೂ ಸ್ವಲ್ಪ ಹೊತ್ತು ಎಲೆಗಳನ್ನು ನೋಡುತ್ತಾ ಹಾಗೇ ಮಲಗಿರುತ್ತಾಳೆ. ಆಮೇಲೆ ಕೈ ಚಾಚಿ ಕರೆಯುತ್ತಾಳೆ.

"ಫಕ್ಕೀರವ್ವಾ, ಬಾರವಾ. ಏಳಾಕ ಒಂದೀಟು ಕೈ ಕೊಡು."

ಫಕ್ಕೀರವ್ವ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬರುತ್ತಾಳೆ.